ಅಪ್ಪನ ಪಿಕಪ್ ನಿಂತು ಹೋಗುತ್ತಿದ್ದ ದಿನಗಳು

ಅಪ್ಪನ ಪಿಕಪ್ ಮೊದಲ ಸಲ ನಡುರಸ್ತೆಯಲ್ಲಿ ನಿಂತದ್ದು ಮಣ್ಣಗುಡ್ಡದಲ್ಲಿ. ಮುಂದೆ ಪೈಪ್ ಹಾಕಲು ಅಗೆದು ಬಿಟ್ಟ ರಸ್ತೆ, ಹಿಂದೆ ಒಂದು ಸಿಟಿ ಬಸ್ಸು. ಬಸ್ಸಿನವನು ಹಾರ್ನಿನ ಮೇಲೆ ಮೊಣಕೈ ಊರಿ ಕೂತನಂತೆ. ಅಪ್ಪ ಮತ್ತೆ ಕೀ ತಿರುಗಿಸಿದರು, ಗಾಡಿ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು, ಮೀನು ತಲುಪಿಸಿ ಮನೆಗೆ ಬಂದರು. ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಳೇ ಗಾಡಿ, ಒಮ್ಮೊಮ್ಮೆ ನಿಲ್ಲುತ್ತದೆ. ನಿಲ್ಲದಿದ್ದರೆ ಆಶ್ಚರ್ಯ.

ಅದು ಪೆಟ್ರೋಲಿನ ಪಿಕಪ್. ಕಾರ್ಬುರೇಟರ್ ಇರುವ ಕಾಲದ್ದು. ಈಗ ಅಂಥದ್ದನ್ನು ರಸ್ತೆಯಲ್ಲಿ ನೋಡಿದರೆ ಹುಡುಗರು ಫೋಟೋ ತೆಗೆಯುತ್ತಾರೆ. ಅಪ್ಪ ಸಮುದ್ರಕ್ಕೆ ಹೋಗುವುದನ್ನು ಬಿಟ್ಟು, ಬೋಟಿನಲ್ಲಿದ್ದ ತನ್ನ ಪಾಲನ್ನು ಮಾರಿ ಅದನ್ನು ಕೊಂಡವರು. ಬೆಳಿಗ್ಗೆ ಬೋಟುಗಳು ಮೀನು ಇಳಿಸುವ ದಕ್ಕೆಗೆ ಹೋಗಿ ಮೀನು ತುಂಬಿಸಿ, ಕದ್ರಿ ಮತ್ತು ಮಣ್ಣಗುಡ್ಡದ ಕೆಲವು ಹೋಟೆಲುಗಳಿಗೆ, ಹಳೇ ಪರಿಚಯದ ಮನೆಗಳಿಗೆ ಕೊಟ್ಟು ಬರುವುದು ಅವರ ಕೆಲಸ. ಕೆಲಸ ಅಂದರೆ ಅರ್ಧ ಕೆಲಸ, ಅರ್ಧ ಪಂಚಾತಿಕೆ. ಯಾರ ಮನೆಯ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾವ ಹೋಟೆಲಿನ ಅಡುಗೆಯವನು ಬಿಟ್ಟು ಹೋದ, ಎಲ್ಲ ಸುದ್ದಿ ಆ ಪಿಕಪ್‌ನಲ್ಲೇ ನಮ್ಮ ಜೆಪ್ಪುವಿನ ಮನೆಗೆ ಬರುತ್ತಿತ್ತು. ಐಸ್ ಪೆಟ್ಟಿಗೆಯ ನೀರು ಸೋರಿ ಸೋರಿ ಗಾಡಿಯ ಹಿಂಭಾಗ ತುಕ್ಕು ಹಿಡಿದು ಜಾಲರಿಯ ಹಾಗಾಗಿತ್ತು. ಅದನ್ನು ಮಾರಿ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ಅಪ್ಪನ ಉತ್ತರ ಒಂದೇ: "ನಾನು ನಿಂತ ದಿನ ಅದೂ ನಿಲ್ತದೆ, ನಿನಗೆ ಎಂತ ಅರ್ಜೆಂಟ್?"

ಅದು ಈಗ ಮೊದಲೇ ನಿಲ್ಲತೊಡಗಿತು. ಮಣ್ಣಗುಡ್ಡದ ನಂತರ ಜೆಪ್ಪುವಿನ ನಮ್ಮದೇ ತಿರುವಿನಲ್ಲಿ, ಆಮೇಲೆ ಕದ್ರಿಯ ಏರಿನಲ್ಲಿ. ಏರಿನಲ್ಲಿ ನಿಂತಾಗ ಮಾತ್ರ ಅಪ್ಪ ಹೆದರಿದರು, ಗಾಡಿ ಹಿಂದಕ್ಕೆ ಉರುಳಿ ಒಂದು ಸ್ಕೂಟರಿಗೆ ತಾಗುವುದರಲ್ಲಿತ್ತು. ಮರುದಿನವೇ ಗಾಡಿ ಗ್ಯಾರೇಜಿಗೆ ಹೋಯಿತು.

ಗ್ಯಾರೇಜಿನ ಮೆಕ್ಯಾನಿಕ್ ಒಳ್ಳೆಯವನೇ. ಪ್ಲಗ್ ಬಿಚ್ಚಿ ನೋಡಿದ, ಕಾಯಿಲ್ ಬದಲಿಸಿದ, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ಉಜ್ಜಿದ, ಕಂಡೆನ್ಸರ್ ಹೊಸತು ಹಾಕಿದ. ಎಂಜಿನ್ ಚಾಲೂ ಇಟ್ಟು ಒಂದೊಂದೇ ವಯರನ್ನು ಎಳೆದು ಅಲ್ಲಾಡಿಸಿದ. ಕೀ ಹಾಕುವ ಸ್ವಿಚ್ಚಿನ ಹಿಂದೆ ಕೈ ಹಾಕಿ ಅಲ್ಲಿಯದನ್ನೂ ಎಳೆದ. ಎಂಜಿನ್ ಕೆಮ್ಮಲೂ ಇಲ್ಲ. ಆಮೇಲೆ ಅವನೇ ಗಾಡಿ ತಗೊಂಡು ಊರೆಲ್ಲ ಸುತ್ತಿದ. ಗುಂಡಿ ಬಿದ್ದ ರಸ್ತೆಯಲ್ಲಿ ಬೇಕಂತಲೇ ಜೋರಾಗಿ ಓಡಿಸಿದನಂತೆ. ನಿಲ್ಲಲಿಲ್ಲ. ಮನೆಗೆ ತಂದ ಮೇಲೆ ಅಪ್ಪ ದಕ್ಕೆಗೆ ಹೋಗಿ ಬರುವಷ್ಟರಲ್ಲಿ ನಿಂತಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕಾರಣವಿಲ್ಲದೆ ಏನಾದರೂ ಆಗುತ್ತದೆ ಅಂದರೆ ನನಗೆ ಮೈ ಉರಿಯುತ್ತದೆ. ಎರಡನೇ ಸಲ ಗ್ಯಾರೇಜಿಗೆ ಹೋಗುವಾಗ ಅಪ್ಪನ ಜೊತೆ ನಾನೂ ಹೋದೆ, ಮೆಕ್ಯಾನಿಕ್‌ಗೆ ನಾಲ್ಕು ಮಾತು ಹೇಳಬೇಕು ಅಂತಲೇ ಹೋದೆ. ಆದರೆ ಅವನು ಮೊದಲು ಅಪ್ಪನಿಗೆ ಒಂದು ಪ್ರಶ್ನೆ ಕೇಳಿದ.

"ಗಾಡಿ ನಿಂತಾಗ ಮೀಟರಿನಲ್ಲಿ ಕೆಂಪು ಲೈಟ್ ಹತ್ತಿತ್ತಾ? ಬ್ಯಾಟರಿಯದ್ದು, ಆಯಿಲ್‌ದು?"

ಅಪ್ಪ ಯೋಚಿಸಿ, "ಇಲ್ಲ. ಎಂತದೂ ಹತ್ಲಿಲ್ಲ," ಅಂದರು.

"ಕೀ?"

ಅಪ್ಪ ಗಾಡಿಯ ಕಡೆ ತಿರುಗಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಆಫ್ ಆಗಿತ್ತು. ಪ್ರತಿ ಸಲ ಕೀ ಆಫ್‌ನಲ್ಲೇ ಇತ್ತು," ಅಂದರು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ವಿವರಿಸಿದ. ಪ್ಲಗ್ಗೋ ಕಾಯಿಲೋ ಕೈಕೊಟ್ಟು ಎಂಜಿನ್ ಸತ್ತರೆ, ಕೀ ಆನ್ ಇರುವುದರಿಂದ ಕೆಂಪು ದೀಪಗಳು ಹತ್ತಲೇಬೇಕು. ಹತ್ತಲಿಲ್ಲ ಅಂದರೆ ಕೀ ಆಫ್ ಆಗಿದೆ. ಕೀ ಕೂಡ ಆಫ್‌ನಲ್ಲೇ ಇತ್ತು ಅಂತ ಓಡಿಸಿದವರೇ ಹೇಳುತ್ತಾರೆ. "ಇದು ಗಾಡಿಯ ಪ್ರಾಬ್ಲೆಮ್ ಅಲ್ಲ ಟೀಚರೇ," ಅಂದ. ಹೇಳಿದ್ದು ಅಪ್ಪನ ಮುಖ ನೋಡಿ ಅಲ್ಲ, ನನ್ನ ಮುಖ ನೋಡಿ.

ಜಗಳಕ್ಕೆಂದು ಹೋದವಳು ತಲೆಯಾಡಿಸಿ ವಾಪಸ್ ಗಾಡಿ ಹತ್ತಿದೆ. ಯಾಕೆಂದರೆ ಅವನ ಲೆಕ್ಕದಲ್ಲಿ ತಪ್ಪು ಇರಲಿಲ್ಲ. ಮಕ್ಕಳಿಗೆ ನಾನು ಕಲಿಸುವ ಪ್ರಮೇಯದ ಸಾಧನೆಯ ಹಾಗೆಯೇ ಇತ್ತು, ಮೆಟ್ಟಿಲು ಮೆಟ್ಟಿಲಾಗಿ; ಕೊನೆಯ ಮೆಟ್ಟಿಲಲ್ಲಿ, ತಾನೇ ಕೀ ಆಫ್ ಮಾಡಿ ಮರೆತುಬಿಡುವ ಅಪ್ಪ.

ನನ್ನ ದೊಡ್ಡಪ್ಪನ ಬಗ್ಗೆ ಇಲ್ಲಿ ಹೇಳಬೇಕು. ಅಪ್ಪನ ಅಣ್ಣ. ಕಡಲಿನಲ್ಲಿ ಗಾಳಿಯ ವಾಸನೆಯಿಂದಲೇ ಎಲ್ಲಿದ್ದೇವೆ ಅಂತ ಹೇಳುತ್ತಿದ್ದವರು, ಕೊನೆಗೆ ಮನೆಯ ಬಚ್ಚಲು ಎಲ್ಲಿ ಅಂತ ಕೇಳುವ ಹಾಗಾದರು. ಶುರುವಾದದ್ದು ಸಣ್ಣದಾಗಿಯೇ. ಉರಿಯುತ್ತಿದ್ದ ಗ್ಯಾಸ್ ಆರಿಸಿ, ಆರಿಸಿದ್ದು ತಾನಲ್ಲ ಅನ್ನುತ್ತಿದ್ದರು. ಅವರ ಹಿಂದೆ ಹಿಂದೆ ತಿರುಗಿ ಅಪ್ಪ ಪಟ್ಟ ಪಾಡು ನಮಗೆಲ್ಲ ಗೊತ್ತು. ಹಾಗಾಗಿ ನಮ್ಮ ಮನೆಯಲ್ಲಿ ಮರೆವು ಅನ್ನುವ ಶಬ್ದವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಈ ಮಳೆಗಾಲದಲ್ಲಿ, ಬೋಟುಗಳು ಕಡಲಿಗೆ ಇಳಿಯದ ತಿಂಗಳುಗಳಲ್ಲಿ, ಅಪ್ಪ ಮನೆಯಲ್ಲಿ ಖಾಲಿ ಕೂತಿದ್ದಾಗ ಕೀ ಎಲ್ಲೋ ಇಟ್ಟು ಹುಡುಕಿದ್ದು, ಕಪಾಟಿನ ಬೀಗ ಹಾಕದೆ ಹೋದದ್ದು, ಮಾರ್ಕೆಟ್ಟಿನಿಂದ ಬಂಗುಡೆ ಮೀನು ತಂದು ಬೂತಾಯಿ ಮೀನು ತಂದಿದ್ದೇನೆ ಅಂದದ್ದು, ಇವನ್ನೆಲ್ಲ ಅಮ್ಮ ಮನಸ್ಸಿನಲ್ಲೇ ಒಂದೊಂದಾಗಿ ಪೋಣಿಸಿಟ್ಟಿದ್ದರು.

ಅಮ್ಮ ಸುಮ್ಮನೆ ಪೋಣಿಸುವವರಲ್ಲ, ಮಳೆಗಾಲ ಮುಗಿಯುವ ಮೊದಲೇ ಪರಿಹಾರವನ್ನೂ ಮಾಡಿದ್ದರು. ಮನೆಯ ಕೀ, ಕಪಾಟಿನ ಕೀ, ಗೇಟಿನ ಕೀ, ಐಸ್ ಪೆಟ್ಟಿಗೆಯ ಕೀ, ಪಿಕಪ್ಪಿನ ಕೀ, ಎಲ್ಲವನ್ನೂ ಒಂದೇ ಹಿತ್ತಾಳೆ ಬಳೆಗೆ ಸೇರಿಸಿ, ನಮ್ಮ ಫೋನ್ ನಂಬರ್ ಕೊರೆದ ಒಂದು ತಗಡನ್ನೂ ಹಾಕಿ, ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡೊಂದನ್ನು ಬಲೆಯ ಗಂಟಿನಿಂದಲೇ ಅದಕ್ಕೆ ಬಿಗಿದಿದ್ದರು. ಅಮ್ಮ ಬಲೆ ಹೆಣೆಯುವವರ ಮನೆಯಲ್ಲಿ ಹುಟ್ಟಿದವರು. ಸೀಸ ಇಲ್ಲದ ಬಲೆ ನೀರು ಎಳೆದಲ್ಲಿಗೆ ಹೋಗುತ್ತದೆ, ಸೀಸ ಇದ್ದರೆ ಬಿಟ್ಟಲ್ಲಿ ಕೂರುತ್ತದೆ ಅನ್ನುವುದು ಅವರಿಗೆ ಹಾಲಿನ ಜೊತೆ ಬಂದ ವಿದ್ಯೆ. "ಕಿಸೆಯಲ್ಲಿ ಭಾರ ಇದ್ರೆ ನೆನಪೂ ಇರ್ತದೆ," ಅಂದಿದ್ದರು. ಅದರ ಭಾರಕ್ಕೆ ಅಪ್ಪನ ಅಂಗಿ ಒಂದು ಕಡೆಗೆ ಜೋತು ಬಿದ್ದು ಅವರು ವಾಲಿಕೊಂಡು ನಡೆಯುವವರ ಹಾಗೆ ಕಾಣುತ್ತಿದ್ದರು. ನಾನು ಎಷ್ಟು ನಗಾಡಿದ್ದೇನೆ.

ಗ್ಯಾರೇಜಿನಿಂದ ಬಂದ ಸಂಜೆ ನಾನು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಅಳಲಿಲ್ಲ. "ನರದ ಡಾಕ್ಟರನ್ನು ನೋಡುವ," ಅಂದರು ಅಷ್ಟೆ. ಮುಂದಿನ ವಾರಕ್ಕೆ ಸಮಯ ತೆಗೆದುಕೊಂಡೆವು. ಅಪ್ಪ ಬೇಡ ಅನ್ನುತ್ತಾರೆ, ಕೂಗಾಡುತ್ತಾರೆ ಅಂದುಕೊಂಡಿದ್ದೆ. ನಮ್ಮ ಅಪ್ಪ ಜ್ವರಕ್ಕೂ ಮಾತ್ರೆ ತಿನ್ನದವರು. "ಆಯ್ತು," ಅಂದುಬಿಟ್ಟರು. ಮತ್ತೆ ಅವರೇ ಹೇಳಿದರು: "ಇನ್ನೊಮ್ಮೆ ನಿಂತರೆ ಕೀ ನಿನಗೆ ಕೊಡ್ತೇನೆ ಮಗಳೇ. ಮತ್ತೆ ನಾನು ಗಾಡಿ ಮುಟ್ಟುವುದಿಲ್ಲ. ಯಾರದ್ದಾದ್ರೂ ಮಗುವಿನ ಮೇಲೆ ಹೋದ್ರೆ?"

ಗಾಡಿ ಇಲ್ಲದ ಅಪ್ಪ ಅಂದರೆ ಏನು ಅಂತ ನಾನು ಮಳೆಗಾಲದಲ್ಲಿ ನೋಡಿದ್ದೆ. ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು, ಟಿವಿಯ ಶಬ್ದ ಜೋರು ಮಾಡುವುದು, ಅಮ್ಮನ ಅಡುಗೆಯಲ್ಲಿ ಕೈ ಹಾಕಿ ಬೈಸಿಕೊಳ್ಳುವುದು. ಒಂದು ಋತುವಿಗೆ ಪರವಾಗಿಲ್ಲ. ಬದುಕಿಡೀ ಹಾಗೆ ಕೂರಿಸಿದರೆ ಇಲ್ಲದ ಮರೆವೂ ಬಂದೀತು.

ಆ ಆದಿತ್ಯವಾರ ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದರು. "ನೀನು ಅವರೊಟ್ಟಿಗೆ ಹೋಗು. ಮಾತಾಡ್ತಾ ಕೂರ್ಬೇಡ. ಕೈ ನೋಡು. ಕೀ ಹತ್ತಿರ ಕೈ ಹೋಗ್ತದಾ ಅಂತ ನೋಡು." ಪತ್ತೇದಾರಿ ಕೆಲಸ. ರಜೆಯ ದಿನ ಮೀನಿನ ಗಾಡಿಯಲ್ಲಿ ಕದ್ರಿಗೆ ಹೋಗುವುದಕ್ಕೆ ನನಗೇನು ಬಂದಿದೆ ಅಂತ ಅಪ್ಪನಿಗೂ ಸಂಶಯ ಬಂದಿರಬೇಕು. ಕೇಳಲಿಲ್ಲ. ಪಕ್ಕದ ಸೀಟಿನ ಮೇಲಿದ್ದ ಹಳೇ ಬೈರಾಸನ್ನು, ಅಂದರೆ ಅವರು ಹೆಗಲಿಗೆ ಹಾಕುವ ಟವೆಲನ್ನು, ತೆಗೆದು ನನಗೆ ಜಾಗ ಮಾಡಿಕೊಟ್ಟರು.

ದಕ್ಕೆಯಿಂದ ಹೊರಟೆವು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಹಗ್ಗ ಎಳೆದು ಎಳೆದು ಬೆರಳುಗಳು ಪೂರ್ತಿ ನೆಟ್ಟಗಾಗದ ಕೈ. ಎಡಗೈ ಗೇರಿಗೆ ಹೋಗುತ್ತಿತ್ತು, ಬರುತ್ತಿತ್ತು. ಬಲಗೈ ಸ್ಟೀರಿಂಗಿನಲ್ಲೇ ಇತ್ತು. ಅಪ್ಪ ತೀರಾ ನಿಧಾನವಾಗಿ ಓಡಿಸುತ್ತಿದ್ದರು, ಆಟೋದವರೆಲ್ಲ ನಮ್ಮನ್ನು ತಿರುಗಿ ನೋಡಿ ಮುಂದೆ ಹೋಗುತ್ತಿದ್ದರು. ಮೊದಲಿನ ಅಪ್ಪ ಆಗಿದ್ದರೆ ಅವರ ಅಜ್ಜ ಪಿಜ್ಜನವರೆಗೂ ವಿಚಾರಿಸುತ್ತಿದ್ದರು. ಅವತ್ತು ಬಾಯಿ ಬಿಡಲಿಲ್ಲ.

ಕದ್ರಿಯ ಕಡೆಗೆ ತಿರುಗಿದ ಮೇಲೆ ಒಂದು ಕಡೆ ಕಾಂಕ್ರೀಟ್ ರಸ್ತೆ ಮುಗಿದು ಡಾಮರು ರಸ್ತೆಗೆ ಇಳಿಯಬೇಕು. ಅಲ್ಲಿ ಮೊಣಕಾಲೆತ್ತರ ಅಲ್ಲದಿದ್ದರೂ ಒಳ್ಳೇ ಎತ್ತರದ ಅಂಚು. ಗಾಡಿಯ ಮುಂದಿನ ಚಕ್ರ ಧಡ್ ಅಂತ ಇಳಿಯಿತು. ಹಿಂದೆ ಐಸ್ ಪೆಟ್ಟಿಗೆಗಳು ಹಾರಿ ಕೂತವು. ಮತ್ತು ಎಂಜಿನ್ ನಿಂತಿತು.

ಅಪ್ಪನ ಎರಡೂ ಕೈ ಸ್ಟೀರಿಂಗಿನ ಮೇಲೆ ಇದ್ದವು.

ನಾನು ನೋಡಿದೆ. ರೆಪ್ಪೆ ಬಡಿಯದೆ ನೋಡುತ್ತಿದ್ದೆ. ಎರಡೂ ಕೈ ಸ್ಟೀರಿಂಗಿನ ಮೇಲೆ, ಬಿಗಿಯಾಗಿ ಹಿಡಿದು ಗೆಣ್ಣುಗಳು ಬೆಳ್ಳಗಾಗಿದ್ದವು. ಕೀ ಆಫ್‌ನಲ್ಲಿತ್ತು. ಅದರ ಕೆಳಗೆ ಅಮ್ಮನ ಸೀಸದ ಗುಂಡು ಇನ್ನೂ ಆ ಕಡೆ ಈ ಕಡೆ ತೂಗಾಡುತ್ತಿತ್ತು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ನಾನು ಕಿರುಚಿದೆ. ಗಣಿತದ ಟೀಚರು, ನಡುರಸ್ತೆಯಲ್ಲಿ, ಮೀನಿನ ಗಾಡಿಯಲ್ಲಿ ಕೂತು ಕಿರುಚಿದೆ. "ನೀವು ಅಲ್ಲ ಅಪ್ಪ! ನೀವು ಅಲ್ಲ! ಅದು ತಾನೇ ತಿರುಗಿದ್ದು!"

ಅಪ್ಪ ಮತ್ತೆ ಸ್ಟಾರ್ಟ್ ಮಾಡಿ, ಎಂಜಿನ್ ಚಾಲೂ ಇಟ್ಟೇ ಗಾಡಿ ಬದಿಗೆ ತೆಗೆದು ನಿಲ್ಲಿಸಿದರು. ನಾನು ಕೈ ಚಾಚಿ ಕೀಗಳ ಗೊಂಚಲನ್ನು ಒಮ್ಮೆ ಕೆಳಗೆ ಜಗ್ಗಿದೆ. ಎಂಜಿನ್ ನಿಂತಿತು. ಸ್ಟಾರ್ಟ್ ಮಾಡಿಸಿ ಮತ್ತೊಮ್ಮೆ ಜಗ್ಗಿದೆ, ಮತ್ತೆ ನಿಂತಿತು. ಹಳೇ ಸ್ವಿಚ್ಚಿನ ಒಳಗೆ ಕೀಯನ್ನು ಹಿಡಿದು ನಿಲ್ಲಿಸುವ ಅಚ್ಚು ಸವೆದು ಹೋಗಿತ್ತು. ಬರೀ ಕೀ ಇದ್ದರೆ ತೊಂದರೆ ಇಲ್ಲ. ಅಷ್ಟು ಕಬ್ಬಿಣ, ಅದರ ಮೇಲೆ ಸೀಸ, ಗುಂಡಿಗೆ ಇಳಿದಾಗ ಜೋಲಿ ಹೊಡೆದು ಕೀಯನ್ನೇ ಹಿಂದಕ್ಕೆ ತಿರುಗಿಸುತ್ತಿತ್ತು. ಮತ್ತೆ ಮೆಕ್ಯಾನಿಕ್ ಓಡಿಸಿದಾಗ ಯಾಕೆ ನಿಲ್ಲಲಿಲ್ಲ? ಯಾಕೆಂದರೆ ಅವನ ಕೈಗೆ ನಾವು ಕೊಟ್ಟದ್ದು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಇನ್ನೊಂದು ಕೀ, ಒಂಟಿ ಕೀ. ಮನೆಯ ಕೀ, ಕಪಾಟಿನ ಕೀ ಇರುವ ಗೊಂಚಲನ್ನು ಯಾರಾದರೂ ಗ್ಯಾರೇಜಿನಲ್ಲಿ ಬಿಟ್ಟು ಬರುತ್ತಾರೆಯೇ? ಕೋತಿ ತಾನು ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿದಂತೆ ಗೊಂಚಲು ಮಾಡಿದ ಕೆಲಸ ಅಪ್ಪನ ತಲೆಗೆ ಬಂದಿತ್ತು.

ನನಗೆ ಹೋದ ಜೀವ ಬಂದಿತ್ತು. ಅಪ್ಪನಿಗೆ ಬರಲಿಲ್ಲ. ಅವರು ನನ್ನನ್ನೇ ನೋಡುತ್ತಾ ಕೂತಿದ್ದರು.

"ನೀನು ಜಗ್ಗಿದೆ, ಅದಕ್ಕೆ ನಿಂತಿತು," ಅಂದರು. "ಆಗ ನಿಂತದ್ದು ಹಾಗೇ ಅಂತ ಎಂತ ಗ್ಯಾರಂಟಿ?"

"ನಾನು ನೋಡಿದ್ದೇನೆ ಅಪ್ಪ. ನಿಮ್ಮ ಕೈ ಸ್ಟೀರಿಂಗಿನಲ್ಲಿತ್ತು."

"ನೀನು ನನ್ನ ಮಗಳು. ಸಮಾಧಾನಕ್ಕೆ ಹೇಳ್ತಿ. ಅಣ್ಣನಿಗೂ ನಾನು ಹಾಗೇ ಹೇಳ್ತಿದ್ದೆ. ಗ್ಯಾಸ್ ನೀನಲ್ಲ, ಗಾಳಿಗೆ ಆರಿದ್ದು ಅಂತ."

ಅದನ್ನು ಕೇಳಿ ನನಗೆ ಎಲ್ಲಿಂದ ಬಂತೋ ಕಣ್ಣೀರು. ಸಿಟ್ಟೂ ಬಂತು. ಸಾಕ್ಷಿ ಕಣ್ಣೆದುರೇ ತೂಗಾಡುತ್ತಿದೆ, ನಂಬುವುದಿಲ್ಲ ಅಂದರೆ! ಆದರೆ ಅಪ್ಪನನ್ನು ಬೈಯುವುದು ಹೇಗೆ? ತಾನು ಮರೆತದ್ದು ತನಗೆ ಗೊತ್ತಾಗುವುದಿಲ್ಲ ಅನ್ನುವುದೇ ಆ ಕಾಯಿಲೆಯ ಗುಣ ಅಂತ ಅವರು ಅಣ್ಣನನ್ನು ನೋಡಿ ಕಲಿತವರು. ಈ ಲೋಕದಲ್ಲಿ ಸುಳ್ಳು ಸಮಾಧಾನ ಹೇಳದ ಒಬ್ಬ ಮನುಷ್ಯ ಬೇಕಾಗಿತ್ತು. ಅಂಥವರು ಅಪ್ಪನಿಗೆ ಒಬ್ಬರೇ ಗೊತ್ತು.

ಮೀನು ಕೊಟ್ಟು ಮುಗಿಸಿ ನೇರ ಬಂದರಿಗೆ ಹೋದೆವು. ಅಲ್ಲಿ ಹಾಜಿಯವರ ಸ್ಪೇರ್ ಪಾರ್ಟ್ಸ್ ಅಂಗಡಿ. ಬ್ಯಾರಿ ಮುಸ್ಲಿಮರ ಮನೆತನ, ಅವರ ಅಪ್ಪನ ಕಾಲದಿಂದ ಅಲ್ಲೇ ವ್ಯಾಪಾರ. ನಡುವೆ ಇವರು ಗಲ್ಫಿಗೆ ಹೋಗಿ ಕೆಲವು ವರ್ಷ ಇದ್ದು, "ಅಲ್ಲಿ ಜಗಳ ಮಾಡ್ಲಿಕ್ಕೆ ಯಾರೂ ಸಿಗುವುದಿಲ್ಲ" ಅಂತ ವಾಪಸ್ ಬಂದವರು. ಅಪ್ಪ ಬೋಟಿನಲ್ಲಿದ್ದ ಕಾಲದಿಂದ ದೋಸ್ತಿ. ಬೋಟಿನ ಎಂಜಿನ್ ಕೆಟ್ಟಾಗ ಉಳಿದವರೆಲ್ಲ ರಿಪೇರಿ ಆಗ್ತದೆ ಅಂದರೆ, ಹಾಜಿಯವರು ಒಮ್ಮೆ ಬಗ್ಗಿ ನೋಡಿ, "ಇದು ಸತ್ತಿದೆ. ಹೂತು ಹಾಕು," ಅಂದಿದ್ದರಂತೆ. ಅಪ್ಪನಿಗೆ ಅವರ ಮೇಲೆ ಅವತ್ತಿನಿಂದ ವಿಶ್ವಾಸ.

ಅಪ್ಪ ಅವರಿಗೆ ಏನನ್ನೂ ವಿವರಿಸಲಿಲ್ಲ, ನನಗೂ ಬಾಯಿ ಬಿಡಲು ಬಿಡಲಿಲ್ಲ. "ಗಾಡಿ ನಿಲ್ತದೆ, ನೋಡು," ಅಂದರು ಅಷ್ಟೆ. ಹಾಜಿಯವರು ಬಿಳೀ ಅಂಗಿಯ ತೋಳು ಮಡಚುತ್ತಾ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಬಂದರಿನ ಆ ಗಲ್ಲಿಯ ರಸ್ತೆಗೆ ಯಾರೂ ಆರೈಕೆ ಮಾಡುವುದಿಲ್ಲ, ಲಾರಿಗಳು ಓಡಿ ಓಡಿ ಹೊಂಡಗಳೇ ಜಾಸ್ತಿ. ಗಾಡಿ ಹೊರಟಿತು. ನಾನೂ ಅಪ್ಪನೂ ಅಂಗಡಿಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದೆವು. ಅಪ್ಪ ನನ್ನ ಮುಂಗೈ ಹಿಡಿದಿದ್ದರು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದದ್ದು ಬಿಟ್ಟರೆ ಅವರು ಹಾಗೆ ಹಿಡಿದದ್ದು ನನಗೆ ನೆನಪಿಲ್ಲ.

ಮೊದಲ ಹೊಂಡ ದಾಟಿತು. ಏನೂ ಆಗಲಿಲ್ಲ. ಎರಡನೆಯದು ದೊಡ್ಡದು. ಗಾಡಿ ಒಂದು ಕಡೆ ವಾಲಿ ಇಳಿಯಿತು, ಮತ್ತು ನಿಂತಿತು. ಹಾಜಿಯವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕೈಯಲ್ಲಿ ಗೊಂಚಲು ಎತ್ತಿ ಹಿಡಿದಿದ್ದರು.

"ಇದೆಂತ ಮಾರಾಯ, ಕೀಯಾ ಲಂಗರಾ?" ಅಂತ ಅಲ್ಲಿಂದಲೇ ಕೂಗಿದರು. "ಇಷ್ಟು ಕಟ್ಟಿದ್ರೆ ನಿಲ್ಲದೆ ಎಂತ ಮಾಡ್ತದೆ?"

ಅಪ್ಪ ಮೆಟ್ಟಿಲು ಇಳಿದು ಅವರ ಹತ್ತಿರ ಹೋದರು. "ನೀನು ಕೀ ತಿರುಗಿಸ್ಲಿಲ್ಲ?"

"ನಾನು ಯಾಕೆ ತಿರುಗಿಸ್ಲಿ?"

"ಸರಿ ನೆನಪು ಮಾಡು. ಕೈ ಹೋಯ್ತಾ ಕೀ ಹತ್ತಿರ?"

ಹಾಜಿಯವರು ಅಪ್ಪನ ಮುಖವನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಏನಾಗಿದೆ ಅಂತ ಅವರಿಗೆ ಹೊಳೆಯಿತು ಅಂತ ಕಾಣುತ್ತದೆ. ದೊಡ್ಡಪ್ಪನ ಕೊನೆಯ ದಿನಗಳಲ್ಲಿ ಅವರೂ ಬಂದು ಕೂರುತ್ತಿದ್ದವರೇ. ಗಾಡಿಯಿಂದ ಇಳಿದು ಬಾಗಿಲು ಹಾಕಿ, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಹಾಗಾದ್ರೆ ನನಗೂ ಮರೆವಿನ ಕಾಯಿಲೆ ಅಂತ ಹೇಳ್ತೀಯಾ ನೀನು?" ಅಂದರು. "ನಿನ್ನ ತಲೆಗೆ ಎಂತದೂ ಆಗ್ಲಿಲ್ಲ. ಮೊದ್ಲು ಎಷ್ಟು ಉಂಟೋ ಈಗ್ಲೂ ಅಷ್ಟೇ ಉಂಟು. ಜಾಸ್ತಿ ಅಂತೂ ಯಾವಾಗ್ಲೂ ಇರ್ಲಿಲ್ಲ."

ಅಪ್ಪ ನಕ್ಕರು. ಎಷ್ಟೋ ವಾರಗಳ ನಂತರ ನಕ್ಕರು. ನಗುತ್ತಾ ನಗುತ್ತಾ ಗಾಡಿಯ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿದರು. ಹಾಜಿಯವರು ಬೇರೆ ಕಡೆ ನೋಡುತ್ತಾ ತಮ್ಮ ಅಂಗಡಿಯ ಹುಡುಗನಿಗೆ ಚಾ ಹೇಳಿದರು. ನಾನು ಅಳು ಮುಚ್ಚಿಡಲಿಲ್ಲ, ಅಲ್ಲೇ ಮೆಟ್ಟಿಲಲ್ಲಿ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಅಮ್ಮನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಎರಡೆರಡು ಸಲ ಹೇಳಿಸಿಕೊಂಡರು. "ನಾನೇ ಕಟ್ಟಿದ್ದಲ್ವಾ," ಅಂದರು ಕೊನೆಗೆ. ಅಪ್ಪ ನನ್ನ ಕೈಯಿಂದ ಫೋನ್ ಕಿತ್ತುಕೊಂಡು, "ನನ್ನನ್ನು ಬಲೆ ಅಂತ ತಿಳ್ಕೊಂಡದ್ದಾ ನೀನು? ಮಧ್ಯಾಹ್ನಕ್ಕೆ ಎಂತ ಸಾರು ಅದನ್ನು ಹೇಳು," ಅಂದರು. ಅಮ್ಮ ಏನೋ ಬೈದರು. ಬೈಗುಳ ನನಗೆ ಅಷ್ಟು ದೂರಕ್ಕೂ ಕೇಳಿತು, ಎಷ್ಟು ಹಾಯೆನಿಸಿತು ಅಂದರೆ ಹೇಳಿ ಮುಗಿಯದು.

ಹಾಜಿಯವರ ಹತ್ತಿರ ಆ ಹಳೇ ಗಾಡಿಯ ಸ್ವಿಚ್ ಇರಲಿಲ್ಲ, ಎಲ್ಲಿಂದಾದರೂ ತರಿಸುತ್ತೇನೆ ಅಂದರು. ಅಲ್ಲಿಯವರೆಗೆ ಗಾಡಿಗೆ ಒಂಟಿ ಕೀ. ಅಮ್ಮನ ಗಂಟನ್ನು ಬಿಚ್ಚಲು ನನ್ನಿಂದ ಆಗಲಿಲ್ಲ, ಅಪ್ಪನಿಂದಲೂ ಆಗಲಿಲ್ಲ. ಪಿಕಪ್ಪಿನ ಕೀಯನ್ನು ಮಾತ್ರ ಬಳೆಯಿಂದ ತಿರುಚಿ ಹೊರಗೆ ತೆಗೆದು, ಉಳಿದದ್ದನ್ನು ನನ್ನ ಚೀಲಕ್ಕೆ ಹಾಕಿದೆವು. ನರದ ಡಾಕ್ಟರಿಗೆ ಹೋಗುವುದೋ ಬೇಡವೋ ಅಂತ ದಾರಿಯಲ್ಲಿ ಕೇಳಿದೆ. "ಹೋಗುವ. ಸಮಯ ತೆಗೊಂಡಾಗಿದೆಯಲ್ಲ," ಅಂದರು ಅಪ್ಪ, ಮದುವೆ ಊಟಕ್ಕೆ ಹೊರಟವರ ದನಿಯಲ್ಲಿ.

ಜೆಪ್ಪುವಿಗೆ ಬರುವ ದಾರಿಯಲ್ಲಿ ಒಬ್ಬ ಆಟೋದವನು ಅಡ್ಡ ಬಂದ. ಅಪ್ಪ ಕಿಟಕಿಯಿಂದ ತಲೆ ಹಾಕಿ ಅವನ ಅಜ್ಜ ಪಿಜ್ಜನವರೆಗೂ ವಿಚಾರಿಸಿದರು. ಆಮೇಲೆ ಓಡಿಸುತ್ತಲೇ, ನನ್ನ ಕಡೆ ತಿರುಗದೆ ಹೇಳಿದರು:

"ಮೀನಿನ ಬುಟ್ಟಿಯ ಹತ್ತಿರ ಕೂತ ಬೆಕ್ಕನ್ನು ನೋಡಿದ ಹಾಗೆ ನಾನು ಇಷ್ಟು ದಿನ ನನ್ನ ಕೈಯನ್ನೇ ನೋಡ್ತಾ ಗಾಡಿ ಓಡಿಸಿದ್ದು ಮಗಳೇ. ನೋಡ್ತಾ ಇದ್ರೆ ಎಂತದೂ ಮಾಡ್ತಿರ್ಲಿಲ್ಲ. ಗುಂಡಿ ಬಂದಾಗ ರಸ್ತೆ ನೋಡ್ಲೇಬೇಕಲ್ಲ, ಆಗಲೇ ನಿಲ್ತಿತ್ತು. ಕೈ ನನ್ನ ಕಣ್ಣು ತಪ್ಪಿಸಿ ಕೀ ತಿರುಗಿಸಿ ಮತ್ತೆ ಸ್ಟೀರಿಂಗಿಗೆ ಬಂದು ಕೂರ್ತದೆ ಅಂತ ಮಾಡಿದ್ದೆ."

ಮುಂದೆ ಒಂದು ಗುಂಡಿ ಇತ್ತು. ಅಪ್ಪ ಅದನ್ನು ದೂರದಿಂದಲೇ ಕಂಡರು, ಗೇರು ಇಳಿಸಿದರು, ಪಕ್ಕದಿಂದ ತಪ್ಪಿಸಿಕೊಂಡು ಹೋದರು.